ಬಂತೇನ್ರೀ?

ಜಮಖಂಡಿ ಸೀಮೆಯಲ್ಲಿ ಯಾರಾದರೂ ಎದುರಾಗಿ "ಬಂತೇನ್ರೀ?" ಅಂತ ಕೇಳಿದರೆ, ಏನು ಬಂತು ಅಂತ ತಿರುಗಿ ಕೇಳುವ ರೂಢಿ ಇಲ್ಲ. ಕೇಳಿದವರು ಯಾರು, ಕೇಳಿಸಿಕೊಂಡವರು ಯಾರು, ಈಗ ಯಾವ ತಿಂಗಳು ನಡೆದಿದೆ, ಇಷ್ಟು ಗೊತ್ತಿದ್ದರೆ ಸಾಕು. ಮುಧೋಳದ ಕಡೆಯ ರೈತನಿಗೆ ಕೇಳಿದರೆ ಅದು ಕಬ್ಬಿನ ಬಿಲ್ಲು. ಬೀಳಗಿಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟವರಿಗೆ ಕೇಳಿದರೆ ಪರಿಹಾರ. ಬನಹಟ್ಟಿಯ ಮಗ್ಗದ ಮನೆಯಲ್ಲಿ ಕೇಳಿದರೆ ಮಜೂರಿ. ಮನೆಯಲ್ಲಿ ಮದುವೆಗೆ ಬೆಳೆದ ಮಗಳಿರುವ ತಂದೆಗೆ ಕೇಳಿದರೆ ಬೀಗರಾಗುವವರ ಫೋನು, ಅದು ಬೇರೆ ಮಾತು. ಇನ್ನು ಆಗಸ್ಟ್ ಕಳೆದ ಮೇಲೆ ಸಾಲಿ ಮಾಸ್ತರರಿಗೆ, ಬ್ಯಾಂಕಿನ ಕ್ಯಾಶಿಯರ್‌ಗೆ, ಹೆಸ್ಕಾಂನ ಇಂಜಿನಿಯರ್‌ಗೆ, ಸಕ್ಕರೆ ಕಾರ್ಖಾನೆಯ ಕೆಮಿಸ್ಟ್‌ಗೆ ಕೇಳಿದರೆ? ಇನ್ಕಮ್ ಟ್ಯಾಕ್ಸಿನ ರೀಫಂಡು.

ಈ ಕೊನೆಯವರು ಕಾಯುವವರ ಸಾಲಿಗೆ ಹೊಸಬರು. ತಿಂಗಳಾ ತಿಂಗಳಾ ಪಗಾರ ಎಣಿಸುವವರನ್ನು ಕಂಡರೆ ನಮ್ಮ ಕಡೆ ಉಳಿದವರಿಗೆ ಒಂದೇ ಮಾತು: "ಅವರಿಗೇನ್ರೀ, ಮಳಿ ಬರಲಿ ಬಿಡಲಿ, ಒಂದನೇ ತಾರೀಖು ಬರತೈತಿ." ಆ ಮಾತಿನಲ್ಲಿ ಹೊಟ್ಟೆಕಿಚ್ಚಿಗಿಂತ ಒಂದು ನಿಟ್ಟುಸಿರು ಇರುತ್ತದೆ. ಮಳೆಗೂ ಬೆಲೆಗೂ ಕಾದು ಸಾಕಾದವರ ನಿಟ್ಟುಸಿರು ಅದು. ಆದರೆ ಅದೇ ಪಗಾರದವರು ರೀಫಂಡಿನ ದಾರಿ ಕಾಯತೊಡಗಿದಾಗ ಕಟ್ಟೆಯ ಮೇಲೆ ಒಂದು ಬದಲಾವಣೆ ಆಗುತ್ತದೆ. ಕಬ್ಬಿನವರು ಒಂಚೂರು ಸರಿದು ಜಾಗ ಕೊಡುತ್ತಾರೆ. "ನಿಮ್ಮದೂ ತಡಾ ಆತೇನ್ರೀ ಸರ? ಕೂಡ್ರಿ, ಚಹಾ ಹೇಳೂಣು." ಸರಕಾರಕ್ಕೆ ರೊಕ್ಕ ಕೊಡುವವರನ್ನು ಊರು ಅಷ್ಟಾಗಿ ಗಮನಿಸುವುದಿಲ್ಲ. ಸರಕಾರದಿಂದ ರೊಕ್ಕ ಬರಬೇಕಾದವರನ್ನು ಎಲ್ಲರೂ ಮಾತಾಡಿಸುತ್ತಾರೆ. ನಾನು ಇದನ್ನು ಬಹಳ ಸಲ ಕಂಡಿದ್ದೇನೆ, ಕಂಡಾಗೆಲ್ಲ ಸಂತೋಷಪಟ್ಟಿದ್ದೇನೆ.

ಅಷ್ಟಕ್ಕೂ ತೆರಿಗೆ ಹೆಚ್ಚಿಗೆ ಹೋದದ್ದಾದರೂ ಹೇಗೆ? ಅದನ್ನು ಹೇಳಬೇಕಾದರೆ ಫೆಬ್ರುವರಿಯ ಕಥೆ ಹೇಳಬೇಕು. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಪಗಾರ ಕೊಡುವವರು ಇಡೀ ವರ್ಷದ ಆದಾಯವನ್ನು ಮೊದಲೇ ಅಂದಾಜು ಹಾಕಿ, ಅದರ ತೆರಿಗೆಯನ್ನು ತಿಂಗಳಿಗೆ ಇಷ್ಟಿಷ್ಟು ಅಂತ ಮುರಿದುಕೊಳ್ಳಬೇಕು. ಅಂದಾಜು ಅಂದಮೇಲೆ ಅಂದಾಜೇ. ಏಪ್ರಿಲಿನಲ್ಲಿ ಯಾರಿಗೂ ಈ ಲೆಕ್ಕದ ನೆನಪಿರುವುದಿಲ್ಲ. ಜನವರಿ ಬಂತೆಂದರೆ ಪಗಾರ ಬಟವಾಡೆ ಮಾಡುವ ಡಿಡಿಓ ಕಚೇರಿಯಿಂದ ಸುತ್ತೋಲೆ ಬರುತ್ತದೆ. ಎಲ್‌ಐಸಿ ಪಾವತಿ ಎಲ್ಲಿ, ಮಕ್ಕಳ ಸಾಲಿ ಫೀ ಎಲ್ಲಿ, ಮನೆ ಸಾಲದ ಬಡ್ಡಿಯ ಪ್ರಮಾಣಪತ್ರ ಎಲ್ಲಿ ಅಂತ. ಪಾವತಿ ಟ್ರಂಕಿನಲ್ಲಿ, ಟ್ರಂಕು ಊರ ಮನೆಯಲ್ಲಿ, ಊರ ಮನೆಯ ಕೀಲಿ ತಮ್ಮನ ಕಡೆ. ತಮ್ಮ ಹುಬ್ಬಳ್ಳಿಗೆ ಹೋಗಿರುತ್ತಾನೆ. ಇತ್ತ ಕೇಸ್ ವರ್ಕರ್ ಎಷ್ಟು ದಿನ ದಾರಿ ನೋಡಿಯಾನು? ಕೈಗೆ ಬಂದ ಕಾಗದದ ಮೇಲೆ ಲೆಕ್ಕ ಮಾಡಿ, ಉಳಿದದ್ದನ್ನೆಲ್ಲ ಫೆಬ್ರುವರಿ ಪಗಾರದಲ್ಲಿ ಮುರಿದು ಕೈತೊಳೆದುಕೊಳ್ಳುತ್ತಾನೆ. ಫೆಬ್ರುವರಿಯಲ್ಲಿ ನಮ್ಮ ಕಡೆಯ ಎಷ್ಟೋ ಮಾಸ್ತರರ ಮನೆಯಲ್ಲಿ ಕಿರಾಣಿ ಅಂಗಡಿಯ ಬಾಕಿ ಮಾರ್ಚಿಗೆ ಜಿಗಿಯುತ್ತದೆ. ಅಂಗಡಿಯವರಿಗೂ ಇದು ಗೊತ್ತು. ಅವರೇ ಸಮಾಧಾನ ಮಾಡುತ್ತಾರೆ.

ಇದು ಒಂದು ದಾರಿ. ಇನ್ನೊಂದು ದಾರಿ ಹಿಂಬಾಕಿಯದು. ಇದರ ಬಗ್ಗೆ ನಾನು ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಕಾಯುವಿಕೆಯೊಳಗೆ ಇನ್ನೊಂದು ಕಾಯುವಿಕೆ ಇದೆ. ನಮ್ಮ ಓಣಿಯ ಬಾಯಾರು ಸರಕಾರಿ ಕನ್ನಡ ಸಾಲಿಯಲ್ಲಿ ಕಲಿಸುತ್ತಾರೆ. ಅವರ ಬಡ್ತಿಯ ಪಗಾರ ನಿಗದಿ ಹಲವು ವರ್ಷ ಕಡತದಲ್ಲೇ ಇತ್ತು. ಕಡೆಗೊಮ್ಮೆ ಆದೇಶವಾಗಿ ಅಷ್ಟೂ ವರ್ಷಗಳ ಬಾಕಿ ಒಂದೇ ತಿಂಗಳು ಖಾತೆಗೆ ಬಿತ್ತು. ಆದಾಯ ತೆರಿಗೆ ಕಾಯ್ದೆ, ಪಗಾರದ ಬಾಕಿಯನ್ನು ಅದು ಕೈಗೆ ಬಂದ ವರ್ಷದ ಆದಾಯ ಅಂತಲೇ ಹಿಡಿಯುತ್ತದೆ. ಹೀಗಾಗಿ ಆ ಒಂದು ವರ್ಷ ಬಾಯಾರು ಹೆಚ್ಚಿನ ದರದ ಹಂತಕ್ಕೆ ಏರಿದರು. ಸರಕಾರ ತಡವಾಗಿ ಕೊಟ್ಟದ್ದಕ್ಕೆ ಬಾಯಾರು ಹೆಚ್ಚು ತೆರಿಗೆ ಕೊಡಬೇಕೇ? ಕಾಯ್ದೆ ಬರೆದವರಿಗೂ ಈ ಪ್ರಶ್ನೆ ಹೊಳೆದಿತ್ತು. ಅದಕ್ಕೇ 1961ರ ಕಾಯ್ದೆಯಲ್ಲಿ 89ನೇ ಕಲಮು ಇತ್ತು. ಬಾಕಿಯನ್ನು ಅದು ಸಲ್ಲಬೇಕಾಗಿದ್ದ ಆಯಾ ವರ್ಷಗಳಿಗೆ ಹಂಚಿ, ಆಗ ಎಷ್ಟು ತೆರಿಗೆ ಬರುತ್ತಿತ್ತು ಅಂತ ಲೆಕ್ಕ ಹಾಕಿ, ವ್ಯತ್ಯಾಸವನ್ನು ಬಿಟ್ಟುಕೊಡುವ ನ್ಯಾಯವಾದ ಕಲಮು. ಆದರೆ ಅದನ್ನು ಪಡೆಯಲು 10ಇ ಎಂಬ ಫಾರಂ ತುಂಬಬೇಕಿತ್ತು, ಅದೂ ರಿಟರ್ನ್ ಸಲ್ಲಿಸುವ ಮೊದಲು, ಆನ್‌ಲೈನಿನಲ್ಲಿ. ಫಾರಂ ತುಂಬದೆ ರಿಟರ್ನಿನಲ್ಲಿ ಬರೀ ವಿನಾಯಿತಿಯ ಮೊತ್ತ ಬರೆದರೆ ಬೆಂಗಳೂರಿನಲ್ಲಿ ರಿಟರ್ನ್ ನೋಡುವ ಗಣಕ ಅದನ್ನು ಒಪ್ಪುತ್ತಿರಲಿಲ್ಲ. ಬಾಯಾರು ತುಂಬಿದರು. ಹಳೆಯ ವರ್ಷಗಳ ಪಗಾರದ ಚೀಟಿಗಳನ್ನು ಗೋಧಿ ಡಬ್ಬಿಯ ಹಿಂದಿನಿಂದ ತೆಗೆದು, ವರ್ಷವಾರು ಜೋಡಿಸಿ, ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ತುಂಬಿದರು. ಅಷ್ಟು ಅಚ್ಚುಕಟ್ಟಾದ ಲೆಕ್ಕ ನಾನು ನೋಡಿಲ್ಲ. ಮೊದಲು ಬಾಕಿಗೆ ಕಾದದ್ದು, ಈಗ ಬಾಕಿಯ ಮೇಲೆ ಹೆಚ್ಚಿಗೆ ಹೋದ ತೆರಿಗೆಗೆ ಕಾಯುವುದು. "ಒಂದ ರೊಕ್ಕಕ್ಕ ಎರಡ ಸರತಿ ಕಾದಂಗಾತ್ರೀ" ಅಂದರು ಬಾಯಾರು. ಅವರ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ ನನಗೆ ಮಾತ್ರ ಕಸಿವಿಸಿಯಾಯಿತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. 2023-24ರಿಂದ ಹೊಸ ತೆರಿಗೆ ಪದ್ಧತಿ ತಾನಾಗಿ ಅನ್ವಯವಾಗುತ್ತದೆ, ಹಳೆಯದು ಬೇಕಾದವರು ಬಾಯಿಬಿಟ್ಟು ಕೇಳಬೇಕು. ಪಗಾರದವರು ಕಚೇರಿಯಲ್ಲಿ ಹೇಳದೆ ಇದ್ದರೂ ರಿಟರ್ನ್ ತುಂಬುವಾಗ ಬದಲಿಸಿಕೊಳ್ಳಬಹುದು. ಹಾಗೆ ಬದಲಿಸಿದಾಗಲೂ ರೀಫಂಡು ಹುಟ್ಟುತ್ತದೆ. ಈಗ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ, ಪಗಾರದವರಿಗೆ 75,000ದ ಕಡಿತ ಸೇರಿಸಿ 12.75 ಲಕ್ಷದವರೆಗೆ, ತೆರಿಗೆಯೇ ಬರುವುದಿಲ್ಲ. ಹಾಗಾಗಿ ನಮ್ಮ ಸಾಲಿ ಮಾಸ್ತರರಲ್ಲಿ ಬಹಳ ಮಂದಿ ಈ ಕಾಯುವವರ ಕೂಟದಿಂದ ಎದ್ದುಹೋಗಬಹುದು. ಒಳ್ಳೆಯದೇ. ಆದರೂ ಕಟ್ಟೆಗೆ ಚಹಾಕ್ಕೆ ಬರುವುದನ್ನು ಬಿಡಬಾರದು.

ಈ ತೆರಿಗೆಯ ಮೂಲ ಹುಡುಕುತ್ತ ಹೋದರೆ, ನಂಬಿ, ದಾರಿ ನಮ್ಮ ಮುಧೋಳ ತಾಲೂಕಿನ ಹಲಗಲಿಯ ಪಕ್ಕದಲ್ಲೇ ಹಾದುಹೋಗುತ್ತದೆ. 1857ರಲ್ಲಿ ಆಯುಧ ಒಪ್ಪಿಸಿರಿ ಎಂಬ ಹುಕುಂ ಬಂದಾಗ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಕುಂಪಣಿಯ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಆ ಕಥೆಯನ್ನು ಲಾವಣಿಯಾಗಿ ನಮ್ಮ ಹಿರಿಯರು ಹಾಡಿಕೊಂಡು ಬಂದಿದ್ದಾರೆ. ದೇಶದ ತುಂಬ ಎದ್ದ ಅಂಥ ದಂಗೆಗಳನ್ನು ಅಡಗಿಸಲು ಇಂಗ್ಲಿಷರ ಖಜಾನೆ ಬರಿದಾಯಿತು. ಅದನ್ನು ತುಂಬಿಸಲು ಲಂಡನ್ನಿನಿಂದ ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಪಂಡಿತನನ್ನು ಕರೆಸಿದರು. ಟೊಪ್ಪಿಗೆಯ ವ್ಯಾಪಾರದಿಂದ ಬದುಕು ಶುರುಮಾಡಿ 'ದಿ ಎಕನಾಮಿಸ್ಟ್' ಪತ್ರಿಕೆ ಹುಟ್ಟುಹಾಕಿದವನು ಅವನು. 1860ರ ಜುಲೈ 24ರಂದು ಅವನ ಆದಾಯ ತೆರಿಗೆ ಕಾಯ್ದೆಯಾಯಿತು. ಈಗಲೂ ಆ ದಿನವನ್ನು ಇಲಾಖೆ ಆದಾಯ ತೆರಿಗೆ ದಿನ ಅಂತ ಆಚರಿಸುತ್ತದೆ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ತೆರಿಗೆ ಇರಲಿಲ್ಲ. ಕಾಯ್ದೆಯಾದ ಮರು ತಿಂಗಳೇ ವಿಲ್ಸನ್ ಕಲ್ಕತ್ತೆಯಲ್ಲಿ ಆಮಶಂಕೆಯಿಂದ ತೀರಿಕೊಂಡ. ತಾನು ತಂದ ತೆರಿಗೆಯ ಒಂದು ವರ್ಷದ ಲೆಕ್ಕವನ್ನೂ ಅವನು ನೋಡಲಿಲ್ಲ.

ಆದರೆ ಆ ತೆರಿಗೆ ಜಮಖಂಡಿ, ಮುಧೋಳ, ಬನಹಟ್ಟಿ, ಬೀಳಗಿ ಎಂಬ ನಮ್ಮ ನಾಲ್ಕೂ ಊರುಗಳಿಗೆ ಒಂದೇ ಸಲ ಬಂತೆಂದು ತಿಳಿಯಬೇಡಿ. ಇಂದು ಬಸ್ಸಿನಲ್ಲಿ ಕೂತು ಅರ್ಧ ದಿನದಲ್ಲಿ ಸುತ್ತಿಬರುವ ಈ ಊರುಗಳು ಆಗ ಬೇರೆ ಬೇರೆ ಒಡೆತನದಲ್ಲಿದ್ದವು. ಜಮಖಂಡಿ ಪಟವರ್ಧನರದು. ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರೆ, ಅದಕ್ಕೆ ಅಂಟಿಕೊಂಡ ರಬಕವಿ ಸಾಂಗಲಿ ಸಂಸ್ಥಾನಕ್ಕೆ. ಬೀಳಗಿಯೊಂದೇ ನೇರ ಇಂಗ್ಲಿಷರ ಕೈಯಲ್ಲಿ, ಮುಂಬಯಿ ಪ್ರಾಂತದಲ್ಲಿ. ಅಂದರೆ ಇಂಗ್ಲಿಷರ ಕಾಯ್ದೆ ಬೀಳಗಿಗೆ ನೇರವಾಗಿ ತಾಗಿತು. ಉಳಿದ ಮೂರು ಕಡೆ ಆಯಾ ದರಬಾರಿನ ಕಾನೂನು. ರಬಕವಿಯಲ್ಲಿ ನೂಲು ಕೊಂಡು ಬನಹಟ್ಟಿಯಲ್ಲಿ ಸೀರೆ ನೇಯುವ ನೇಕಾರ ದಿನಕ್ಕೆ ಎಷ್ಟು ಸಲ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ದಾಟುತ್ತಿದ್ದನೋ! ಆ ರಬಕವಿ, ಬನಹಟ್ಟಿಗಳೇ ಈಗ ಒಂದು ನಗರಸಭೆ, ಒಂದು ತಾಲೂಕು, ನಡುವೆ ಒಂದು ಗೀಟಿನಷ್ಟು ಗುರುತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. ಜಮಖಂಡಿ ಸಂಸ್ಥಾನದ ಕೊನೆಯ ದಿನಗಳಲ್ಲಿ ಅಲ್ಲಿಯ ಮುಖ್ಯಮಂತ್ರಿಯಾಗಿದ್ದವರು ಸಾವಳಗಿಯ ಬಿ.ಡಿ. ಜತ್ತಿಯವರು. ಅವರೇ ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲಕಾಲ ಹಂಗಾಮಿ ರಾಷ್ಟ್ರಪತಿಯೂ ಆದರು. ಸಾವಳಗಿಯಿಂದ ರಾಷ್ಟ್ರಪತಿ ಭವನಕ್ಕೆ ಹೋದವರ ಊರಿನವರು ನಾವು. ಇದನ್ನು ಸಂದರ್ಭ ಇರಲಿ ಬಿಡಲಿ ಒಮ್ಮೆ ಹೇಳದಿದ್ದರೆ ನಮ್ಮ ಕಡೆಯ ಹರಟೆ ಪೂರ್ತಿಯಾಗುವುದಿಲ್ಲ.

ಎಲ್ಲಿದ್ದೆವು? ರೀಫಂಡು. ಮೊದಲು ರಿಟರ್ನುಗಳ ವಿಚಾರಣೆ ಜಿಲ್ಲೆಯ ಐಟಿ ಕಚೇರಿಯಲ್ಲೇ ಆಗುತ್ತಿತ್ತು. ಬಾಗಲಕೋಟೆಗೆ ಹೋದವರು ಬೇರೆ ಕೆಲಸವನ್ನೂ ಜೋಡಿಸಿಕೊಂಡು ಹೋಗಿ, ಅಧಿಕಾರಿಗೆ ಕೈಮುಗಿದು, ನಮ್ಮದೊಂದು ನೋಡ್ರಿ ಸಾಹೇಬ್ರ ಅಂತ ಹೇಳಿ ಬರುತ್ತಿದ್ದರು. ಕೆಲಸ ಆಗಲಿ ಬಿಡಲಿ, ಒಂದು ಮುಖ ನೋಡಿ ಬಂದ ಸಮಾಧಾನ ಇರುತ್ತಿತ್ತು. 2009ರಲ್ಲಿ ಬೆಂಗಳೂರಿನಲ್ಲಿ ಸಿಪಿಸಿ, ಅಂದರೆ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಶುರುವಾಯಿತು. ಅಸ್ಸಾಮಿನ ಚಹಾ ತೋಟದ ಗುಮಾಸ್ತನ ರಿಟರ್ನೂ ಅಲ್ಲಿಗೇ, ಜಮಖಂಡಿಯ ಹೈಸ್ಕೂಲ್ ಮಾಸ್ತರರದೂ ಅಲ್ಲಿಗೇ. ಆನ್‌ಲೈನಿನಲ್ಲಿ ತುಂಬಿದ ಮೇಲೆ ಐಟಿಆರ್-ವಿ ಎಂಬ ಒಂದು ಹಾಳೆಯನ್ನು ಸಹಿ ಮಾಡಿ ಅಂಚೆಯಲ್ಲಿ ಕಳಿಸಬೇಕಿತ್ತು. ಪೋಸ್ಟ್ ಬ್ಯಾಗ್ ನಂಬರ್ 1, ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿ, ಬೆಂಗಳೂರು. ಸಾದಾ ಅಂಚೆ ಇಲ್ಲವೇ ಸ್ಪೀಡ್ ಪೋಸ್ಟ್, ಬೇರೆ ಯಾವುದೂ ನಡೆಯದು. ಬಾರ್‌ಕೋಡಿನ ಮೇಲೆ ಸಹಿ ಬೀಳಬಾರದು. ಆ ಹಾಳೆಗೆ ನಮ್ಮ ಮಂದಿ ತೋರಿಸುತ್ತಿದ್ದ ಜತನ ನೋಡಬೇಕಿತ್ತು. ಕೆಲವರು ಮಡಿಕೆ ಬೀಳಬಾರದೆಂದು ಮಗನ ಪರೀಕ್ಷೆಯ ರಟ್ಟಿನ ನಡುವೆ ಇಟ್ಟು ಅಂಚೆ ಕಚೇರಿಗೆ ಒಯ್ಯುತ್ತಿದ್ದರು. ಈಗ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬಂದು, ಅಲ್ಲೇ ಸಹಿ ಮುಗಿಯುತ್ತದೆ. ಮೂವತ್ತು ದಿನದೊಳಗೆ ಮುಗಿಸಬೇಕು. ಮುಗಿಸದಿದ್ದರೆ ರಿಟರ್ನ್ ತುಂಬಿದ್ದೂ ತುಂಬದ ಲೆಕ್ಕ. ಇದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ತುಂಬಿದೆವು ಅಂತ ನಿಶ್ಚಿಂತೆಯಿಂದ ಕಾಯುತ್ತಿರುತ್ತಾರೆ, ಆ ಕಡೆ ಇಂಥವರೊಬ್ಬರಿದ್ದಾರೆ ಎಂಬ ದಾಖಲೆಯೇ ಇರುವುದಿಲ್ಲ. ಓದುಗರೇ, ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಕಾಯುತ್ತಿದ್ದರೆ ಇವತ್ತೇ ನೋಡಿ ಹೇಳಿ.

ಎಲ್ಲವೂ ಸರಿಯಾಗಿ, "ರೀಫಂಡ್ ಕಳಿಸಲಾಗಿದೆ" ಅಂತ ಬಂದ ಮೇಲೂ ಅದು ಖಾತೆಗೆ ಬೀಳದೆ ತಿರುಗಿಹೋಗುವುದುಂಟು. ಅದಕ್ಕೆ ಎರಡು ಕಾರಣ ನಮ್ಮ ಸೀಮೆಯಲ್ಲಿ ಹೆಚ್ಚು. ಒಂದು ಬ್ಯಾಂಕಿನ ಹೆಸರು, ಇನ್ನೊಂದು ನಮ್ಮ ಹೆಸರು.

ಬ್ಯಾಂಕುಗಳು ಒಂದರೊಳಗೊಂದು ಸೇರಿಹೋದವು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಆಯಿತು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್, ನಮ್ಮ ಹಳ್ಳಿಗಳ ಕೆವಿಜಿ ಬ್ಯಾಂಕ್, 2025ರ ಮೇ 1ರಿಂದ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಬ್ಯಾಂಕು ಬದಲಾದರೆ ಶಾಖೆಯ ಐಎಫ್‌ಎಸ್‌ಸಿ ಸಂಕೇತ ಬದಲಾಗುತ್ತದೆ, ಅದನ್ನು ಇಲಾಖೆಯ ಪೋರ್ಟಲಿನಲ್ಲಿ ಮತ್ತೆ ಕೊಟ್ಟು ಖಾತೆಯನ್ನು ದೃಢಪಡಿಸಬೇಕು. ಸಿಂಡಿಕೇಟ್ ಬ್ಯಾಂಕಿನ ಮಾತು ಬಂತಲ್ಲ, ಒಂದು ವಿಷಯ ಹೇಳುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಆ ಬ್ಯಾಂಕ್ ಹುಟ್ಟಿದ್ದೇ ಕೈಮಗ್ಗದ ಕಷ್ಟಕಾಲದಲ್ಲಿ ನೇಕಾರರಿಗೆ ಬಂಡವಾಳ ಒದಗಿಸಲು. 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿ ಅದನ್ನು ಮನೆಮನೆಗೆ ಮುಟ್ಟಿಸಿತು. ಹೀಗೆ ನೇಕಾರರಿಗಾಗಿ ಹುಟ್ಟಿದ ಬ್ಯಾಂಕಿನ ಹೆಸರು ಬನಹಟ್ಟಿಯಂಥ ನೇಕಾರರ ಊರಿನ ಪಾಸ್‌ಬುಕ್ಕುಗಳಿಂದ ಅಳಿಸಿಹೋದದ್ದನ್ನು ನೆನೆದರೆ ನನಗೆ ಬೇಸರವೇ. ಹೆಸರು ಉಳಿಸಿಕೊಂಡೂ ಒಂದಾಗಬಹುದಿತ್ತೋ ಏನೋ.

ಇನ್ನು ನಮ್ಮ ಹೆಸರು. ಉತ್ತರ ಕರ್ನಾಟಕದ ಅಡ್ಡಹೆಸರುಗಳಷ್ಟು ಚೆಂದದ್ದು ಯಾವ ಸೀಮೆಯಲ್ಲಿದೆ ಹೇಳಿ? ಬೆಲ್ಲದ, ಸಕ್ಕರಿ, ಅಕ್ಕಿ, ಎಣ್ಣಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಒಂದು ಸಾಲಿಯ ಹಾಜರಿ ಪುಸ್ತಕ ಹಿಡಿದುಕೊಂಡರೆ ಒಂದು ಹೊತ್ತಿನ ಅಡುಗೆಗೆ ಸಾಮಾನು ಸಿಕ್ಕೀತು. ಆದರೆ ಇವನ್ನು ಇಂಗ್ಲಿಷಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಥರ. 'ಬೆಲ್ಲದ'ದ ಕೊನೆಗೆ ಒಂದು ಕಡೆ 'ಎ' ಇದ್ದರೆ ಇನ್ನೊಂದು ಕಡೆ ಇಲ್ಲ. ಪ್ಯಾನ್ ಕಾರ್ಡಿನಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಪೂರ್ತಿ. ಪಾಸ್‌ಬುಕ್ಕಿನಲ್ಲಿ ಎರಡು ಇನಿಶಿಯಲ್ ಮಾತ್ರ. ಆಧಾರಿನಲ್ಲಿ ತಂದೆಯ ಹೆಸರು ಮುಂದೆ. ಪ್ಯಾನ್ ಸಂಖ್ಯೆಯ ಐದನೇ ಅಕ್ಷರ ಅಡ್ಡಹೆಸರಿನ ಮೊದಲ ಅಕ್ಷರ ಎಂಬುದನ್ನು ಗಮನಿಸಿದ್ದೀರಾ? ನಿಮ್ಮದನ್ನು ತೆಗೆದು ನೋಡಿ. ಪ್ಯಾನ್ ಮಾಡಿಸುವ ದಿನ ಯಾರಾದರೂ ಅವಸರದಲ್ಲಿ ತಂದೆಯ ಹೆಸರನ್ನೇ ಅಡ್ಡಹೆಸರಿನ ಜಾಗದಲ್ಲಿ ಬರೆದಿದ್ದರೆ, ಆ ಅಕ್ಷರ ಜೀವನಪರ್ಯಂತ ಜೊತೆಗಿರುತ್ತದೆ. ಮೂರು ಕಡೆ ಮೂರು ಥರ ಇರುವ ಮನುಷ್ಯ ಒಬ್ಬನೇ ಅಂತ ಊರಿಗೆಲ್ಲ ಗೊತ್ತು. ಗಣಕಕ್ಕೆ ಗೊತ್ತಿಲ್ಲ. ಹೀಗೆ ರೀಫಂಡು ನಿಂತವರು ಮೊದಲು ತಮ್ಮ ಹೆಸರನ್ನು ಎಲ್ಲ ಕಡೆ ಒಂದು ಮಾಡಿಕೊಳ್ಳುವ ಕೆಲಸಕ್ಕೆ ಹೊರಡುತ್ತಾರೆ. ಅದು ಇನ್ನೊಂದು ಪುರಾಣ.

ಕಾಯುವುದರಲ್ಲಿ ನಮ್ಮ ಸೀಮೆ ಪಳಗಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟ ಲಾಗಾಯ್ತು ಬೀಳಗಿಯ ಕಡೆಯ ಮನೆತನಗಳು ಒಂದಲ್ಲ ಒಂದಕ್ಕೆ ಕಾಯುತ್ತಲೇ ಇವೆ, ಮೊದಲು ಸರ್ವೆಗೆ, ಆಮೇಲೆ ಪರಿಹಾರಕ್ಕೆ, ಆಮೇಲೆ ಕೋರ್ಟಿನ ಹೆಚ್ಚುವರಿ ಪರಿಹಾರಕ್ಕೆ. ಬಾಗಲಕೋಟೆ-ಕುಡಚಿ ರೈಲು ಮಾರ್ಗ 2010-11ರಲ್ಲಿ ಮಂಜೂರಾಯಿತು. ಜಮಖಂಡಿ, ಬನಹಟ್ಟಿಯವರು ಇನ್ನೂ ಸೀಟಿಯ ಸದ್ದಿಗೆ ಕಿವಿಕೊಟ್ಟು ಕೂತಿದ್ದಾರೆ. ಆದರೆ ಸುಮ್ಮನೆ ಕೂಡುವ ಮಂದಿ ಮಾತ್ರ ಇವರಲ್ಲ. ಕೃಷ್ಣೆಯ ನೀರು ಕಣ್ಣೆದುರೇ ಹರಿದುಹೋಗುವುದನ್ನು ನೋಡಿ ನೋಡಿ ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಬುಟ್ಟಿ ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿ ನಿಲ್ಲಿಸಿದರು. ಶ್ರಮಬಿಂದು ಸಾಗರ ಅಂತ ಅದರ ಹೆಸರು. ಆ ನ್ಯಾಮಗೌಡರನ್ನು 1991ರಲ್ಲಿ ಜನ ಲೋಕಸಭೆಗೆ ಕಳಿಸಿದರು, ಎದುರಿಗೆ ನಿಂತಿದ್ದವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಎಂಬುದನ್ನು ನೆನಪಿಟ್ಟುಕೊಳ್ಳಿ. ಬ್ಯಾರೇಜನ್ನು ನಾವೇ ಕಟ್ಟಿಕೊಳ್ಳಬಹುದು. ರೀಫಂಡನ್ನು ನಾವೇ ಕೊಟ್ಟುಕೊಳ್ಳಲಾಗುವುದಿಲ್ಲ, ಅದೇ ತೊಡಕು.

ಕಬ್ಬಿನವರ ಪಕ್ಕದಲ್ಲಿ ಕೂತು ಮಾತಾಡುವಾಗ ಒಂದು ಲೆಕ್ಕ ತೆರೆದುಕೊಂಡಿತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಬಿಲ್ಲು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಅದು ರೈತರ ಕೈಗೆ ನಿಜವಾಗಿ ಎಷ್ಟು ಮುಟ್ಟಿದೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಇರಲಿ, ಕಾಗದದ ಮೇಲಾದರೂ ಅಷ್ಟಿದೆ. ಪಗಾರದವನು ತೆರಿಗೆ ಬಾಕಿ ಉಳಿಸಿಕೊಂಡರೆ ಇಲಾಖೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಹಾಕುತ್ತದೆ, ವರ್ಷಕ್ಕೆ 12. ಇಲಾಖೆ ಅವನ ರೊಕ್ಕ ಇಟ್ಟುಕೊಂಡರೆ ತಿಂಗಳಿಗೆ ಅರ್ಧ, ವರ್ಷಕ್ಕೆ 6. ರೀಫಂಡಿನ ಮೊತ್ತ ಒಟ್ಟು ತೆರಿಗೆಯ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಆ ಅರ್ಧವೂ ಇಲ್ಲ. ಬಂದ ಬಡ್ಡಿಯ ಮೇಲೆ ಮತ್ತೆ ತೆರಿಗೆ. ಹನ್ನೆರಡು ಸಾವಿರ ಬರಬೇಕಾದವರಿಗೆ ತಿಂಗಳಿಗೆ ಅರವತ್ತು ರೂಪಾಯಿ ಬಡ್ಡಿ ಬೆಳೆಯುತ್ತದೆ ಅನ್ನಿ. ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಬಡ್ಡಿ ಒಂದೇ ಇರಬೇಕು ಎಂಬುದು ನಮ್ಮ ಹಳ್ಳಿಯ ಲೇವಾದೇವಿಯವರೂ ಒಪ್ಪುವ ನ್ಯಾಯ. ಇದನ್ನು ನಾನು ಒಪ್ಪದೆ ಇರಲಾರೆ.

ಅವಧಿಯ ಮಾತೂ ಹಾಗೇ. ಕೆಲವರಿಗೆ ಕೆಲವೇ ದಿನಗಳಲ್ಲಿ ರೀಫಂಡು ಬರುತ್ತದೆ, ಅದನ್ನು ಮೆಚ್ಚಲೇಬೇಕು. ಆದರೆ ಕಾಯ್ದೆ ಇಲಾಖೆಗೆ ಕೊಟ್ಟಿರುವ ಗಡುವು ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಮೇಲೆ ಇನ್ನೂ ಒಂಬತ್ತು ತಿಂಗಳು. 2025ರ ಸೆಪ್ಟೆಂಬರಿನಲ್ಲಿ ತುಂಬಿದವರ ರಿಟರ್ನನ್ನು ಸಂಸ್ಕರಿಸಲು ಇಲಾಖೆಗೆ 2026ರ ಡಿಸೆಂಬರ್ 31ರವರೆಗೆ ಸಮಯ. ತುಂಬುವವರಿಗೆ ಗಡುವು ದಾಟಿದ ಮರುದಿನವೇ ದಂಡ! ತಡವಾಗುವುದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಕೋಟಿಗಟ್ಟಲೆ ರಿಟರ್ನುಗಳಲ್ಲಿ ಸುಳ್ಳು ಕಡಿತ ತೋರಿಸಿ ರೀಫಂಡು ಕೇಳುವವರೂ ಇರುತ್ತಾರೆ, ಕಮಿಶನ್ ತೆಗೆದುಕೊಂಡು ಹಾಗೆ ತುಂಬಿಕೊಡುವವರೂ ಇದ್ದಾರೆ, ಪರಿಶೀಲನೆ ಬೇಕು. ನನಗೆ ನೋವಾಗುವುದು ಕಾರಣ ಹೇಳದೆ ಕಾಯಿಸುವುದು. "ಪ್ರಾಸೆಸಿಂಗ್" ಅಂತ ತಿಂಗಳುಗಟ್ಟಲೆ ಅದೇ ಪದ. ಇಂಥ ಕಾರಣಕ್ಕೆ ನಿಂತಿದೆ, ಇಂಥ ಕಾಗದ ಕೊಡಿರಿ ಅಂತ ಕನ್ನಡದಲ್ಲಿ ಎರಡು ಸಾಲು ಬಂದರೆ ಬಾಯಾರು ಗೋಧಿ ಡಬ್ಬಿಯ ಹಿಂದಿನಿಂದ ಅದನ್ನೂ ತೆಗೆದು ಕೊಟ್ಟಾರು.

ಮೌನ ಇದ್ದಲ್ಲಿ ಕಳ್ಳರು ಮಾತಾಡುತ್ತಾರೆ ನೋಡಿ. 2023ರಲ್ಲಿ ದೇಶದ ತುಂಬ ಮೊಬೈಲುಗಳಿಗೆ ಒಂದು ಸಂದೇಶ ಬಂತು: ನಿಮಗೆ 15,490 ರೂಪಾಯಿ ರೀಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ಸರಿಪಡಿಸಲು ಈ ಕೊಂಡಿ ಒತ್ತಿರಿ. ಎಲ್ಲರಿಗೂ ಒಂದೇ ಮೊತ್ತ. ಅದು ಸುಳ್ಳು ಅಂತ ಸರಕಾರವೇ ಸಾರಬೇಕಾಯಿತು. ಕಾಯುತ್ತಿರುವವರೇ ಇಂಥದ್ದಕ್ಕೆ ಬಲಿಯಾಗುವುದು, ಯಾಕೆಂದರೆ ಅವರ ಮನಸ್ಸು ಆ ಸುದ್ದಿಗೆ ಬಾಗಿಲು ತೆರೆದೇ ಇಟ್ಟಿರುತ್ತದೆ. ಇಲಾಖೆ ಫೋನಿನಲ್ಲೋ ಸಂದೇಶದಲ್ಲೋ ಪಿನ್ನು, ಒಟಿಪಿ ಕೇಳುವುದಿಲ್ಲ. ಮನೆಯ ಹಿರಿಯರಿಗೆ, ಅದರಲ್ಲೂ ನಿವೃತ್ತರಿಗೆ, ಕೂತು ತಿಳಿಸಿ ಹೇಳಿ.

ಕಾಯುವ ಮಾತಿಗೆ ನಮ್ಮ ಕಡೆ ಒಂದು ಆಟವೇ ಇದೆ. ಶ್ರೀಕೃಷ್ಣ ಪಾರಿಜಾತ. ಕುಲಗೋಡದ ತಮ್ಮಣ್ಣನವರು ಊರೂರಿಗೆ ಮುಟ್ಟಿಸಿದ, ಕೌಜಲಗಿ ನಿಂಗಮ್ಮನವರು ಹೆಣ್ಣಾಗಿ ಹೆಜ್ಜೆ ಹಾಕಿ ಬೆಳಗಿದ, ಲೋಕಾಪುರದ ಕಡೆ ಇವತ್ತಿಗೂ ಜಾತ್ರೆಯಲ್ಲಿ ಬೆಳತನಕ ನಡೆಯುವ ಆಟ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ, ದೂತಿಯನ್ನು ಕಳಿಸುತ್ತಾಳೆ, ಕಾಯುತ್ತಾಳೆ. ಆ ಕಾಯುವಿಕೆಗೇ ರಾತ್ರಿಯ ಬಹುಪಾಲು ಹೋಗುತ್ತದೆ, ನೋಡುವವರು ಬೇಸರಪಡುವುದಿಲ್ಲ, ಯಾಕೆಂದರೆ ಭಾಮೆಯ ಬಾಯಿ ಸುಮ್ಮನಿರುವುದಿಲ್ಲ. ತನಗೆ ಸಲ್ಲಬೇಕಾದದ್ದನ್ನು ಅವಳು ಬೇಡುವುದಿಲ್ಲ, ಕೇಳುತ್ತಾಳೆ, ಗಟ್ಟಿಯಾಗಿ. ಕಡೆಗೆ ಅವಳಿಗೆ ಬಂದದ್ದೇನು? ಒಂದು ಹೂವಲ್ಲ, ಇಡೀ ಗಿಡ. ಅದಕ್ಕಿಂತ ಒಳ್ಳೆಯ ಬಡ್ಡಿ ಯಾವ ಕಲಮಿನಲ್ಲಿದೆ? ನಮ್ಮ ಪಗಾರದವರು ರೀಫಂಡಿನ ವಿಷಯ ಬಂದರೆ ಯಾಕೋ ದನಿ ತಗ್ಗಿಸುತ್ತಾರೆ, ಯಾರದೋ ಉಪಕಾರಕ್ಕೆ ಕಾದವರಂತೆ "ಬಂದರ ಬರಲಿ ಬಿಡ್ರಿ" ಅನ್ನುತ್ತಾರೆ. ದುಡಿದದ್ದು ಅವರು, ಹೆಚ್ಚಿಗೆ ಕೊಟ್ಟದ್ದು ಅವರು. ಪೋರ್ಟಲಿನಲ್ಲಿ ದೂರು ಬರೆಯಲು ಜಾಗ ಇದೆ, ಅಲ್ಲಿ ಬರೆಯಬೇಕು, ಉತ್ತರ ಸರಿ ಬರದಿದ್ದರೆ ಮತ್ತೆ ಬರೆಯಬೇಕು. ಭಾಮೆಯ ಆಟ ನೋಡಿ ಬೆಳೆದವರಿಗೆ ಇದನ್ನು ನಾನು ಕಲಿಸಬೇಕೇ?

ಬಾಯಾರು ಬರೆದರು. ಉತ್ತರವೂ ಬಂತು, ಪರಿಶೀಲನೆಯಲ್ಲಿದೆ ಅಂತ. ಆ ರೊಕ್ಕಕ್ಕೆ ಅವರು ಆಗಲೇ ಒಂದು ಕೆಲಸ ಗೊತ್ತುಮಾಡಿದ್ದರು. ಬಸುರಿ ಸೊಸೆಯ ಕುಬಸಕ್ಕೆ ಹಸಿರು ಸೀರೆ, ಅಂಗಡಿಯದಲ್ಲ, ಬನಹಟ್ಟಿಯಲ್ಲಿ ಗುರುತಿನ ನೇಕಾರರ ಮನೆಯಲ್ಲಿ ಹೇಳಿ ನೇಯಿಸಿದ್ದು. ಸೀರೆ ಮಗ್ಗದಿಂದ ಇಳಿಯಿತು, ರೀಫಂಡು ಬೆಂಗಳೂರಿನಿಂದ ಇಳಿಯಲಿಲ್ಲ. ಕುಬಸವನ್ನು ಮುಂದೆ ಹಾಕಲಾಗುತ್ತದೆಯೇ? ಬಾಯಾರು ಬಸ್ಸು ಹತ್ತಿ ಬನಹಟ್ಟಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು, ಮುಂದಿನ ತಿಂಗಳ ಪಗಾರಕ್ಕೆ ಕೊಡುತ್ತೇನೆ, ಸೀರೆ ಅಲ್ಲಿಯವರೆಗೆ ನಿಮ್ಮಲ್ಲೇ ಇರಲಿ ಅಂತ. ಮಜೂರಿಗೆ ತಾನೇ ವಾರಗಟ್ಟಲೆ ಕಾಯುವ ಆ ಹಿರಿಯ ನೇಕಾರ ಸೀರೆಯ ಮಡಿಕೆ ತೆಗೆದು, ಸೆರಗು ತೋರಿಸಿ, ಮತ್ತೆ ಮಡಿಚಿ ಚೀಲಕ್ಕೆ ಹಾಕಿ ಕೈಗೆ ಕೊಟ್ಟರಂತೆ. "ರೊಕ್ಕ ಎಲ್ಲಿ ಹೋಗತೈತ್ರೀ ಬಾಯಾರ, ಬಂದಾಗ ಬರತೈತಿ. ಹುಡುಗಿ ಉಡೂ ದಿನಾ ದಾಟಬಾರದು, ಒಯ್ರೀ." ಸೀರೆ ಈಗ ಬಾಯಾರ ಮನೆಯ ಪೆಟ್ಟಿಗೆಯಲ್ಲಿದೆ. ಓಣಿಯ ಹೆಣ್ಣುಮಕ್ಕಳೆಲ್ಲ ಒಮ್ಮೊಮ್ಮೆ ಹೋಗಿ ಮುಟ್ಟಿ ನೋಡಿ ಬಂದಿದ್ದಾರೆ. ಗುರುವಾರ ಕುಬಸ, ಊಟಕ್ಕೆ ನಮ್ಮ ಮನೆಗೂ ಹೇಳಿ ಹೋಗಿದ್ದಾರೆ, ಬನಹಟ್ಟಿಯ ನೇಕಾರರ ಮನೆಯವರೂ ಬರುವವರಿದ್ದಾರೆ.